ಮೂರು ‘ಬಂಗಲೆ’ಗಳೂ ಕರೆಂಟಪ್ಪನ ಮರುನೋಟವೂ

ಜಗತ್ತಿನ ಯಾವ ಸಭೆಯಲ್ಲಾದರೂ ಎದೆ ಸೆಟೆಸಿ ಆಡಬಹುದಾದ ಮಾತು ಒಂದಿದೆ. “ಕಾದಂಬರಿಯ ಮುಂದೆ ಸಿನಿಮಾ ಏನೂ ಅಲ್ಲ ಬಿಡಿ.” ಇದನ್ನು ಆಡಲು ಕಾದಂಬರಿ ಓದಿರಬೇಕಿಲ್ಲ, ಸಿನಿಮಾ ನೋಡಿರಬೇಕಿಲ್ಲ. ಕೈಯಲ್ಲೊಂದು ಚಹಾದ ಕಪ್ಪು ಇದ್ದು, ಮೂತಿಯನ್ನು ಒಂದಿಷ್ಟು ಓರೆ ಮಾಡಲು ಬಂದರೆ ಸಾಕು. ಇಂಥ ನಿರುಪದ್ರವಿ ಮಾತನ್ನಾಡಿಯೂ ಪೇಚಿಗೆ ಸಿಕ್ಕಿಕೊಂಡವನು ಮನುಷ್ಯ ಚರಿತ್ರೆಯಲ್ಲಿ ಕರೆಂಟಪ್ಪ ಒಬ್ಬನೇ ಇರಬೇಕು.

ಕರೆಂಟಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಅವನು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂರುತ್ತಿದ್ದ. ಊರಲ್ಲಿ ಎಲ್ಲಿ ದೀಪ ಆರಿದರೂ ಅವನ ಮೇಜಿನ ಮೇಲಿನ ಫೋನು ಕಿರುಚುತ್ತಿತ್ತು. “ಕರೆಂಟ್ ಈಗ ಬರುತ್ತಪ್ಪ, ಈಗ ಬರುತ್ತಪ್ಪ” ಎಂದು ಅವನು ಎಷ್ಟು ವರ್ಷಗಳಿಂದ ಎಷ್ಟು ಜನರನ್ನು ಸಮಾಧಾನಪಡಿಸಿದ್ದನೆಂದರೆ, ಕೊನೆಗೆ ಊರೇ ಸೇರಿ ಅವನಿಗೆ ಆ ಹೆಸರನ್ನು ಕಟ್ಟಿತು. ಕತ್ತಲಲ್ಲಿ ಕೂತವರಿಗೆಲ್ಲ ಧೈರ್ಯ ಹೇಳುವ ಈ ಮಹಾನುಭಾವನಿಗೆ ಸ್ವತಃ ಕತ್ತಲೆಂದರೆ ಪ್ರಾಣಭಯ ಎಂಬುದು ಮಾತ್ರ ಗುಟ್ಟಾಗಿಯೇ ಉಳಿದಿತ್ತು. ಮನೆಯ ನಡುಕೋಣೆಯಲ್ಲಿ ರಾತ್ರಿಯಿಡೀ ಒಂದು ಬಲ್ಬು ಉರಿಯುತ್ತಿತ್ತು. “ಅತ್ತೆಗೆ ವಯಸ್ಸಾಯ್ತಲ್ಲ, ಎದ್ದಾಗ ಎಡವಿಬಿಟ್ಟಾರು” ಎಂದು ಹೆಂಡತಿಗೆ ಹೇಳಿದ್ದ. ಪಾಪ, ಮಗಳ ಮನೆಯಲ್ಲೇ ಇದ್ದ ಆ ಅತ್ತೆ ಬೆಳಕಿಗೆ ನಿದ್ದೆ ಬಾರದೆ ಮುಖದ ಮೇಲೆ ಟವೆಲ್ಲು ಹೊದ್ದು ಮಲಗುತ್ತಿದ್ದರು.

ಒಂದು ದಿನ ಎದುರುಮನೆಗೆ ನಿವೃತ್ತ ಪ್ರೊಫೆಸರರೊಬ್ಬರು ಬಾಡಿಗೆಗೆ ಬಂದರು. ಹೊಸ ನೆರೆಯವರನ್ನು ಚಹಾಕ್ಕೆ ಕರೆಯುವುದು ಮರ್ಯಾದೆ ತಾನೇ? ಕರೆಂಟಪ್ಪ ಕರೆದ. ಹೆಂಡತಿಯ ತಮ್ಮನೂ ಬಂದಿದ್ದ. ಅವನು ಬ್ಯಾಂಕಿನಲ್ಲಿ ಅಧಿಕಾರಿ. ಬ್ಯಾಂಕಿನಲ್ಲಿ ಇಡೀ ದಿನ ಬೇರೆಯವರ ತಪ್ಪು ತಿದ್ದಿ ತಿದ್ದಿ, ಭಾನುವಾರವೂ ಆ ಚಾಳಿ ಬಿಡಲಾರದೆ ಅಕ್ಕನ ಮನೆಗೆ ಬಂದು ಭಾವನನ್ನು ತಿದ್ದುತ್ತಿದ್ದ.

ಮಾತು ಅಲ್ಲಿ ಇಲ್ಲಿ ಅಲೆದಾಡಿ, ಹೊಸದಾಗಿ ಬಂದಿದ್ದ ಒಂದು ದೆವ್ವದ ಸಿನಿಮಾಕ್ಕೆ ಬಂದು ನಿಂತಿತು. ಯಾವುದೋ ಕಾಲದ ಹೆಸರಾಂತ ಕಾದಂಬರಿಯೊಂದನ್ನು ಆಧರಿಸಿದ್ದು ಅದು. ಕಾದಂಬರಿಯ ಪೂರ್ತಿ ಹೆಸರು ಒಂದೂವರೆ ಸಾಲು ಉದ್ದ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳುವವನ ಹೆದರಿಕೆಯೆಲ್ಲ ಇಳಿದುಹೋಗುತ್ತದೆಂದು ಎಲ್ಲರೂ ‘ಬಂಗಲೆ’ ಎಂದಷ್ಟೇ ಅನ್ನುತ್ತಿದ್ದರು.

“ಮೈ ಜುಮ್ಮೆನ್ನುತ್ತಂತೆ ಭಾವ. ಗಟ್ಟಿ ಗುಂಡಿಗೆ ಇರೋರು ಮಾತ್ರ ಹೋಗ್ಬೇಕಂತೆ” ಎಂದ ಬ್ಯಾಂಕಿನವನು, ‘ಗುಂಡಿಗೆ’ ಎಂಬಲ್ಲಿ ಭಾವನ ಕಡೆ ನೋಡಿ.

ಹೆಂಡತಿ ಎದುರಿಗಿದ್ದಳು. ಕರೆಂಟಪ್ಪ ಚಹಾ ಹೀರಿ, ಮೂತಿ ಓರೆ ಮಾಡಿ ಆ ಮಾತನ್ನಾಡಿದ. “ಕಾದಂಬರಿಯ ಮುಂದೆ ಸಿನಿಮಾ ಏನೂ ಅಲ್ಲ ಬಿಡಿ.”

ಪ್ರೊಫೆಸರರ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುಳುಗಿಹೋಯಿತು. “ಯಾವ ಸಿನಿಮಾ ಅಂತೀರಿ? ಆ ಕಾದಂಬರೀನ ಮೂರು ಸಲ ತೆಗೆದಿದಾರೆ.”

ಇಲ್ಲಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸುಳ್ಳಿನ ಗುಣವೇ ಅಂಥದ್ದು, ಒಂದು ಕಪ್ಪು ಚಹಾಕ್ಕೆ ಅದು ಮುಗಿಯುವುದಿಲ್ಲ.

“ಮೂರೂ” ಎಂದ ಕರೆಂಟಪ್ಪ.

ಪ್ರೊಫೆಸರರು ಎದ್ದು ಬಂದು ಅವನನ್ನು ತಬ್ಬಿಕೊಂಡರು. ‘ಬಂಗಲೆ’ಯ ಬಗ್ಗೆ ಮೂವತ್ತು ವರ್ಷ ಪಾಠ ಹೇಳಿದ್ದರಂತೆ. ಕಾದಂಬರಿಯನ್ನೂ ಮೂರು ಸಿನಿಮಾಗಳನ್ನೂ ಬಲ್ಲ ಒಬ್ಬನೇ ಒಬ್ಬ ಮನುಷ್ಯ ಸಿಗಲಿಲ್ಲವಂತೆ. “ನೀವು ಸಿಕ್ಕಿದಿರಿ! ಬಿಡೋದುಂಟೆ? ಊರಿನ ಓದುಗರ ಬಳಗದಿಂದ ಒಂದು ಮರುನೋಟ ಇಟ್ಕೊಳೋಣ. ಮೂರು ಭಾನುವಾರ, ಮೂರು ಸಿನಿಮಾ. ಪ್ರತಿ ಸಿನಿಮಾ ಆದಮೇಲೆ ನಿಮ್ಮ ಮಾತು.”

“ನಂಗೆ ಕಚೇರಿ ಕೆಲಸ…”

“ಮ್ಯಾಟಿನಿ ಆಟ! ಭಾನುವಾರ ಮಧ್ಯಾಹ್ನ!”

ಕರೆಂಟಪ್ಪ ಹೆಂಡತಿಯ ಕಡೆ ನೋಡಿದ, ಏನಾದರೂ ನೆಪ ಹೇಳಿ ಬಿಡಿಸಿಯಾಳೆಂದು. ಅವಳ ಮುಖ ಅರಳಿ ಮೊರದಗಲ ಆಗಿತ್ತು. ಮದುವೆಯಾದ ಲಾಗಾಯ್ತು ಅವಳು ಅವನನ್ನು ಹಾಗೆ ನೋಡಿದ್ದೇ ಇಲ್ಲ. “ಇಷ್ಟೆಲ್ಲ ಓದ್ಕೊಂಡಿದ್ರೂ ಒಂದು ದಿನ ಬಾಯಿಬಿಟ್ಟಿಲ್ಲ ನೋಡಿ ಇವರು” ಎಂದಳು. ಬ್ಯಾಂಕಿನವನು ಮೀಸೆಯಡಿಯಲ್ಲೇ ನಕ್ಕ. ಅಲ್ಲಿಂದ ಎದ್ದವನು ನೇರವಾಗಿ ಗ್ರಂಥಾಲಯಕ್ಕೆ ಹೋಗಿ, ಅಲ್ಲಿದ್ದ ಒಂದೇ ಒಂದು ‘ಬಂಗಲೆ’ಯನ್ನು ತನ್ನ ಹೆಸರಿಗೆ ಬರೆಸಿಕೊಂಡು ಮನೆಗೆ ಹೊತ್ತೊಯ್ದ. ಸಂಜೆ ಅದೇ ಪುಸ್ತಕ ಕೇಳಿಕೊಂಡು ಓಡಿಬಂದ ಕರೆಂಟಪ್ಪನಿಗೆ ಸಿಕ್ಕಿದ್ದು ಕಪಾಟಿನಲ್ಲಿ ಆ ಪುಸ್ತಕದ ದಪ್ಪದ ಒಂದು ಸಂದು ಮಾತ್ರ.

ಮಾರನೆಯ ದಿನ ಕಚೇರಿಯಲ್ಲಿ ಇಂಜಿನಿಯರ್ ಸಾಹೇಬರು ಒಳಗೆ ಕರೆಸಿದರು. ಓದುಗರ ಬಳಗಕ್ಕೆ ಅವರೇ ಅಧ್ಯಕ್ಷರು.

“ಏನ್ರೀ, ಇಂಥ ವಿದ್ವಾಂಸರನ್ನ ದೂರು ವಿಭಾಗದಲ್ಲಿ ಕೂರಿಸ್ಕೊಂಡು ನಾನು ಬಲ್ಬು, ಫ್ಯೂಸು ಅಂತ ಬೈತಾ ಇದ್ನಲ್ರೀ! ಮೂರು ಆಟಕ್ಕೂ ನಾನು ಬರ್ತೀನಿ. ನಿಮ್ಮ ಪಕ್ಕದಲ್ಲೇ ಕೂರ್ತೀನಿ.”

ಇನ್ನು ಬಾವಿಗೆ ಬೀಳುವುದೊಂದೇ ದಾರಿ ಎಂದುಕೊಂಡು ಕರೆಂಟಪ್ಪ ಮನೆಗೆ ಬಂದ. ಹೆಂಡತಿ ಅಂಗಡಿಗೆ ಹೋದ ಹೊತ್ತು ನೋಡಿ ಅಡುಗೆಮನೆಗೆ ನುಗ್ಗಿದ. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು.

“ಅತ್ತೆ, ಭಾನುವಾರ ನೀವೂ ಬರ್ಬೇಕು. ನನ್ನ ಪಕ್ಕದಲ್ಲಿ ಕೂತು ಪರದೆ ಮೇಲೆ ಏನೇನಾಗುತ್ತೆ ಅಂತ ನನ್ನ ಕಿವೀಲಿ ಹೇಳ್ತಾ ಇರ್ಬೇಕು.”

“ನಿಮ್ಮ ಕಣ್ಣಿಗೇನಾಗಿದೆ ಅಳಿಯಂದ್ರೇ?”

“ಏನಿಲ್ಲ. ವಿಮರ್ಶಕರು ಹಾಗೇನೇ. ಸಾಮಾನ್ಯ ಜನರ ಕಣ್ಣಿಂದ ನೋಡ್ಬೇಕಂತೆ.”

ಅತ್ತೆ ಈರುಳ್ಳಿಯ ಕಣ್ಣೀರು ಒರೆಸಿಕೊಂಡು ಅವನನ್ನೇ ನೋಡಿದರು. “ರಾತ್ರಿ ಉರಿಯೋ ಬಲ್ಬು ಯಾರಿಗೆ ಅಂತ ನಂಗೆ ಗೊತ್ತಿಲ್ಲ ಅನ್ಕೊಂಡ್ರಾ? ಆಯ್ತು, ಬರ್ತೀನಿ. ಕಣ್ಣು ನಂದು, ಬಾಯಿ ನಿಮ್ದು. ಆದ್ರೆ ನಂಗೆ ಮುಂದಿನ ಸಾಲು ಬೇಕು, ಹಿಂದೆ ಕೂತ್ರೆ ತಲೆಗಳು ಅಡ್ಡ ಬರ್ತಾವೆ.”

ಊರಿನ ಹಳೆಯ ಟಾಕೀಸು ಆ ದಿನಗಳಲ್ಲಿ ಕೊನೆಯುಸಿರು ಎಳೆಯುತ್ತಿತ್ತು. ಮುಚ್ಚಬೇಕೆಂದಿದ್ದ ಮಾಲೀಕ, ಹೇಗೂ ಪಾರಿವಾಳಗಳು ಪುಕ್ಕಟೆ ನೋಡುತ್ತಿವೆ, ನಾಲ್ಕು ಜನ ಮನುಷ್ಯರೂ ಬರಲಿ ಎಂದು ಸಭಾಂಗಣ ಬಿಟ್ಟುಕೊಟ್ಟಿದ್ದ. ಟಾಕೀಸಿನ ಚಾವಣಿಯ ತೊಲೆಗಳಲ್ಲಿ ಪಾರಿವಾಳಗಳ ಒಂದು ಕೇರಿಯೇ ಇತ್ತು.

ಮೊದಲ ಭಾನುವಾರ. ಮುಂದಿನ ಸಾಲಿನಲ್ಲಿ ಬಲಕ್ಕೆ ಸಾಹೇಬರು, ಎಡಕ್ಕೆ ಅತ್ತೆ, ನಡುವೆ ಕರೆಂಟಪ್ಪ. ಅತ್ತೆಯ ಆಚೆ ಹೆಂಡತಿ. ಸಾಹೇಬರ ಆಚೆ ಪ್ರೊಫೆಸರರು. ದೀಪ ಆರಿದ್ದೇ ತಡ, ಕರೆಂಟಪ್ಪ ರೆಪ್ಪೆಗಳನ್ನು ಬಾಗಿಲು ಜಡಿದಂತೆ ಜಡಿದ. ಕಣ್ಣು ಮುಚ್ಚಿದರೇನು, ಮಾತು ಕೇಳಿಸಿಕೊಂಡು ಅರ್ಧ ಕಥೆ ಹಿಡಿಯಬಹುದು ಎಂಬ ಭರವಸೆ ಅವನಿಗೆ. ಒಂದು ನಿಮಿಷವಾಯಿತು, ಎರಡಾಯಿತು. ಯಾರೂ ಮಾತಾಡಲೊಲ್ಲರು.

“ಅತ್ತೆ, ಯಾಕೆ ಯಾರೂ ಮಾತಾಡ್ತಿಲ್ಲ?”

“ಮೂಕಿ ಸಿನಿಮಾ ಅಳಿಯಂದ್ರೇ.”

ಕರೆಂಟಪ್ಪನಿಗೆ ಅತ್ತೆಯೇ ಗತಿಯಾದರು. ಅತ್ತೆ ಪಿಸುಗುಟ್ಟತೊಡಗಿದರು. ಕೆರೆಯ ದಂಡೆಯಲ್ಲಿ ದೊಡ್ಡ ಬಂಗಲೆ. ಅದರ ಯಜಮಾನಿ ಸತ್ತು ವರ್ಷಗಳಾಗಿವೆ. ಆದರೆ ಸತ್ತಿದ್ದೀ ಅಂತ ಅವಳಿಗೆ ಹೇಳಲು ಮನೆಯವರಿಗೆ ಧೈರ್ಯವಿಲ್ಲ. ಪ್ರತಿ ಸಂಜೆ ಊಟದ ಗಂಟೆ ಬಾರಿಸಿದ ಕೂಡಲೇ ಅವಳು ಮೆಟ್ಟಿಲಿಳಿದು ಬರುತ್ತಾಳೆ. ಮನೆಯವರೆಲ್ಲ ಎದ್ದು ಓಡುತ್ತಾರೆ. ಒಬ್ಬ ಹುಡುಗಪ್ರಾಯದ ಡಾಕ್ಟರು ಬಂದು ಅವಳ ಕಾಟ ತೀರಿಸಬೇಕು.

“ಬಂದ್ಲು ನೋಡಿ” ಎಂದರು ಅತ್ತೆ. ಹಿಂದಿನ ಸಾಲುಗಳಲ್ಲಿ ಹಾ, ಹೋ ಎಂಬ ಉದ್ಗಾರಗಳೆದ್ದವು. “ಅಯ್ಯೋ ಶಿವನೇ, ಎಷ್ಟು ಸೊರಗಿದಾಳೆ! ಕೊರಳೆಲುಬು ಎಣಿಸ್ಬಹುದು. ಊಟಕ್ಕೆ ಬರೋಳನ್ನ ನೋಡಿ ಓಡ್ತಾರಲ್ಲ ಇವ್ರು! ಒಂದು ತಟ್ಟೆ ಹಾಕಿದ್ರೆ ಇವ್ರ ಗಂಟು ಹೋಗ್ತಿತ್ತಾ?”

ಸಾಹೇಬರು ಅಲುಗಾಡದೆ ಕೂತಿದ್ದರು. ಪ್ರೊಫೆಸರರು ಮೊದಲ ದೃಶ್ಯಕ್ಕೇ ಕನ್ನಡಕ ತೆಗೆದವರು ಕೊನೆಯ ದೃಶ್ಯದವರೆಗೂ ಅದನ್ನು ಒರೆಸುತ್ತಲೇ ಇದ್ದರಂತೆ. ಭಾವುಕ ಮನುಷ್ಯರು, ಕಣ್ಣು ತುಂಬಿ ಬಂದಿರಬೇಕು ಎಂದು ಹಿಂದಿನವರು ಮಾತಾಡಿಕೊಂಡರು.

ಆಟ ಮುಗಿದು ಕರೆಂಟಪ್ಪ ವೇದಿಕೆ ಹತ್ತಿದ. ತಲೆಯಲ್ಲಿ ಅತ್ತೆಯ ಮಾತು ಬಿಟ್ಟು ಬೇರೇನೂ ಇರಲಿಲ್ಲ. ಅದನ್ನೇ ಆಡಿದ. “ಈ ಕಥೇಲಿ ದೆವ್ವ ಇಲ್ಲ ಸ್ವಾಮಿ. ಹಸಿದಿರೋ ಒಬ್ಬ ಹೆಂಗಸಿದಾಳೆ. ಎಲ್ಲರೂ ಅವಳು ಯಾಕೆ ಬರ್ತಾಳೆ ಅಂತ ಹೆದರ್ತಾರೆ. ‘ಊಟ ಆಯ್ತೇನಮ್ಮಾ’ ಅಂತ ಕೇಳೋರು ಒಬ್ರೂ ಇಲ್ಲ.”

ಚಪ್ಪಾಳೆ ಬಿದ್ದ ಸದ್ದಿಗೆ ಪಾರಿವಾಳಗಳು ಎದ್ದು ಎರಡು ಸುತ್ತು ಹಾರಿದವು. ಪ್ರೊಫೆಸರರು ಗದ್ಗದಿತರಾದರು. “ಆ ಮೆಟ್ಟಿಲು ಅಂದ್ರೆ ಇಳಿಮುಖವಾದ ಸಿರಿವಂತಿಕೆ ಅಂತ ಮೂವತ್ತು ವರ್ಷ ಪಾಠ ಮಾಡ್ದೆ. ಅವಳು ಬರೋದು ಊಟದ ಹೊತ್ತಿಗೆ ಅನ್ನೋದು ನಂಗೆ ಹೊಳೀಲೇ ಇಲ್ಲ!”

ಆ ವಾರವೆಲ್ಲ ಕರೆಂಟಪ್ಪನ ನಡಿಗೆಯೇ ಬದಲಾಯಿತು. ಫೋನಿನಲ್ಲಿ “ಈಗ ಬರುತ್ತಪ್ಪ” ಎನ್ನುವಾಗಲೂ ದನಿಯಲ್ಲೊಂದು ಗಾಂಭೀರ್ಯ ಸೇರಿಕೊಂಡಿತು.

ಎರಡನೆಯ ಭಾನುವಾರದ್ದು ಬಣ್ಣದ ಸಿನಿಮಾ, ಕಿವಿಗಡಚಿಕ್ಕುವಷ್ಟು ಗದ್ದಲದ್ದು. ಅತ್ತೆ ಬೆಳಿಗ್ಗೆಯಿಂದ ಅಡುಗೆ ಮಾಡಿ, ಹೊಟ್ಟೆತುಂಬ ಉಂಡು ಬಂದಿದ್ದರು. ಗಂಟೆ ಬಾರಿಸುವ ಹೊತ್ತಿಗೆ ಅವರ ತಲೆ ಮೆಲ್ಲಗೆ ಅಳಿಯನ ಭುಜಕ್ಕೆ ವಾಲಿತು. ಕರೆಂಟಪ್ಪನಿಗೆ ಕೇಳಿಸಿದ್ದು ಪರದೆಯ ಚೀರಾಟ ಮತ್ತು ಅತ್ತೆಯ ಗೊರಕೆ, ಅಷ್ಟೇ. ಮೊಣಕೈಯಿಂದ ತಿವಿದ. “ಅತ್ತೆ! ಏನಾಯ್ತು? ಏನಾಯ್ತು ಹೇಳಿ!” ಕೊನೆಯ ಚೀರಾಟಕ್ಕೆ ಅತ್ತೆ ಬೆಚ್ಚಿ ಎದ್ದು, ಬಾಯಿ ಒರೆಸಿಕೊಂಡು ಹೇಳಿದರು.

“ಏನಾಗೋದು? ಡಾಕ್ಟರು ಅಡುಗೆಯವಳನ್ನ ಮದುವೆ ಆದ್ರು.”

ಕರೆಂಟಪ್ಪ ವೇದಿಕೆ ಹತ್ತಿದ. “ಈ ಸಿನಿಮಾದ ಜೀವಾಳ ಇರೋದು ಯಜಮಾನೀಲಿ ಅಲ್ಲ” ಎಂದ, ಒಂದು ಕೈ ಮೇಲೆತ್ತಿ. “ಡಾಕ್ಟರು ಅಡುಗೆಯವಳನ್ನ ಮದುವೆ ಆಗ್ತಾರಲ್ಲ, ಅಲ್ಲಿ ಇದೆ.”

ಸಭೆಯಲ್ಲಿ ಗುಜುಗುಜು ಎದ್ದಿತು. ಸಿನಿಮಾವನ್ನು ನೆಟ್ಟಗೆ ನೋಡಿದ್ದ ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಸಿನಿಮಾದಲ್ಲಿ ಇರಲಿಲ್ಲವಲ್ಲ, ಹಾಗಾದರೆ ಕಾದಂಬರಿಯಲ್ಲಿ ಇರಬೇಕು ಎಂದುಕೊಂಡರು. ಪ್ರೊಫೆಸರರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಕಾದಂಬರಿಯಲ್ಲಿ ಇಲ್ಲವಲ್ಲ, ಸಿನಿಮಾದಲ್ಲಿ ಬಂದಿರಬೇಕು ಎಂದು ತಲೆದೂಗಿದರು. ಎಲ್ಲ ತಣ್ಣಗೆ ಮುಗಿದೇಹೋಗುತ್ತಿತ್ತು. ಅಷ್ಟರಲ್ಲಿ ಆರನೆಯ ಸಾಲಿನಿಂದ ಬ್ಯಾಂಕಿನವನು ಎದ್ದು ನಿಂತ. ಕಂಕುಳಲ್ಲಿ ಗ್ರಂಥಾಲಯದ ‘ಬಂಗಲೆ’.

“ಒಂದು ನಿಮಿಷ ಭಾವ! ನಾನು ಸಿನಿಮಾನೂ ನೋಡಿದೀನಿ, ಪುಸ್ತಕಾನೂ ಅಕ್ಷರ ಬಿಡದೆ ಓದಿದೀನಿ. ಆ ಮದುವೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ! ನೀವು ಎಲ್ಲಿಂದ ತಂದ್ರಿ?”

ಅತ್ತೆ ಮಗನ ಕಡೆ ತಿರುಗಿ “ಕೂತ್ಕೊಳೋ, ಶುಭಕಾರ್ಯದ ಮಾತಾಡುವಾಗ ಅಡ್ಡಬಾಯಿ ಹಾಕ್ತಾನೆ” ಎಂದು ಗದರಿದರು. ಪ್ರೊಫೆಸರರು ಮಾತ್ರ ನಿಧಾನವಾಗಿ ಎದ್ದು ನಿಂತರು.

“ಅಲ್ಲೂ ಇಲ್ಲ. ಇಲ್ಲೂ ಇಲ್ಲ. ಅಂದ್ರೆ… ಮೊದಲ ಮುದ್ರಣ! ಮೊದಲ ಮುದ್ರಣದಲ್ಲಿ ಒಂದು ಅಧ್ಯಾಯ ಹೆಚ್ಚಿಗೆ ಇತ್ತು, ಪ್ರಕಾಶಕರು ಹೆದರಿ ಕಿತ್ತುಹಾಕಿದ್ರು ಅಂತ ನಮ್ಮ ಗುರುಗಳು ಹೇಳ್ತಿದ್ರು. ಯಾರೂ ಅದನ್ನ ಕಂಡಿಲ್ಲ. ನೀವು ಕಂಡಿದೀರಿ! ಹೇಳಿ, ಕಂಡಿದೀರಿ ತಾನೇ?”

ಕರೆಂಟಪ್ಪ ಏನೋ ಹೇಳಲು ಹೋದ. ಉಗುಳು ನುಂಗಿದ. ನುಂಗುವಾಗ ತಲೆ ಕೆಳಗೆ ಮೇಲೆ ಆಡಿತು. ಅದನ್ನೇ ಎಲ್ಲರೂ ‘ಹೌದು’ ಎಂದುಕೊಂಡರು. ಬ್ಯಾಂಕಿನವನು ಭಾವನಿಗೆ ತೋಡಿದ್ದ ಗುಂಡಿ ಹೀಗೆ ಭಾವನಿಗೆ ಗದ್ದುಗೆಯಾಯಿತು.

ಮುಂದಿನ ವಾರದ ವಿದ್ಯಮಾನಗಳನ್ನು ಏನು ಹೇಳಲಿ! ಊರ ಪತ್ರಿಕೆಯಲ್ಲಿ ‘ಕಳೆದುಹೋದ ಅಧ್ಯಾಯ ನಮ್ಮೂರಲ್ಲೇ?’ ಎಂದು ದಪ್ಪಕ್ಷರದಲ್ಲಿ ಬಂತು. ದೂರು ವಿಭಾಗಕ್ಕೆ ಫೋನು ಮಾಡಿದವರು ಕರೆಂಟಿನ ವಿಚಾರ ಮರೆತು “ಅಡುಗೆಯವಳ ಮನೆಯವರು ಒಪ್ಪಿದ್ರಾ?” ಎಂದು ಕೇಳತೊಡಗಿದರು. ಪ್ರೊಫೆಸರರು ದಿನಾ ಬೆಳಿಗ್ಗೆ ಬಾಗಿಲಲ್ಲಿ ಹಾಜರು. “ದೂರದಿಂದ ತೋರಿಸಿ ಸಾಕು. ಮುಟ್ಟೋದಿಲ್ಲ.” ಕರೆಂಟಪ್ಪ ಹಿತ್ತಲ ಬಾಗಿಲಿನಿಂದ ಕಚೇರಿಗೆ ಹೋಗುವುದನ್ನು ರೂಢಿ ಮಾಡಿಕೊಂಡ.

ಸಾಹೇಬರು ಕರೆಸಿ ಹೇಳಿದರು. “ಅಂಥ ಪುಸ್ತಕ ಮನೇಲಿಟ್ಕೊಂಡು ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟುಹೋದ್ರೆ ಇಲಾಖೆಗೆ ಕೆಟ್ಟ ಹೆಸರು ಕಣ್ರೀ.” ಸಂಜೆಗೆ ಮೂವರು ಲೈನ್‌ಮನ್‌ಗಳು ಬಂದು ಮನೆಯ ವೈರಿಂಗನ್ನೆಲ್ಲ ಕಿತ್ತು ಹೊಸದು ಹಾಕಿದರು. ಗೋಡೆ ಕೊರೆಯುವಾಗ ಒಬ್ಬೊಬ್ಬನೂ “ಇಲ್ಲೇನಾದ್ರೂ ಇಟ್ಟಿದೀರಾ ಅಣ್ಣಾ?” ಎಂದು ಗೌರವದಿಂದ ಕೇಳುತ್ತಿದ್ದ. ಹೆಂಡತಿಯೋ, ನೆರೆಹೊರೆಯ ಹೆಂಗಸರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿ, ತಾನೇ ಪುಸ್ತಕ ಹುಡುಕಲು ನಿಂತಳು. ಹಾಸಿಗೆ ಕೊಡವಿದಳು, ಅಟ್ಟ ಹತ್ತಿದಳು. “ಕಟ್ಕೊಂಡ ಹೆಂಡ್ತಿಗೂ ತೋರಿಸ್ಬಾರ್ದೇನ್ರೀ?” ಎಂದಾಗ ಅವಳ ದನಿ ಸಣ್ಣಗಾಗಿತ್ತು. ಕರೆಂಟಪ್ಪನಿಗೆ ಪೇಪರು, ಪ್ರೊಫೆಸರು, ಸಾಹೇಬರು ಯಾರೂ ದೊಡ್ಡವರೆನಿಸಲಿಲ್ಲ. ಆ ಸಣ್ಣ ದನಿ ಮಾತ್ರ ಎದೆಗೆ ಚುಚ್ಚಿತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಅವಳು ಅವನಿಗೆಂದು ಹೊಲಿಸಿ ತಂದ ಹೊಸ ಕೋಟನ್ನು ಬಿಚ್ಚಿ ತೋರಿಸಿದಳು. ಬಾಯಿ ತಾನಾಗಿಯೇ ಮುಚ್ಚಿಕೊಂಡಿತು.

ಕೊನೆಗೆ ಅತ್ತೆಯ ಮುಂದೆ ಹೋಗಿ ಕುಕ್ಕರಿಸಿದ. “ಸಿನಿಮಾದಲ್ಲಿ ಇಲ್ಲದ್ದನ್ನ ಯಾಕೆ ಹೇಳಿದ್ರಿ ಅತ್ತೆ?”

“ಸಿನಿಮಾದಲ್ಲಿ ಅಂತ ನಾನೆಲ್ಲಿ ಹೇಳ್ದೆ? ಏನಾಯ್ತು ಅಂತ ನೀವು ಕೇಳಿದ್ರಿ. ನಂಗೆ ಕನಸಲ್ಲಿ ಏನಾಯ್ತೋ ಅದನ್ನ ಹೇಳ್ದೆ. ಚೆನ್ನಾಗಿತ್ತು ಕನಸು. ಇನ್ನೂ ಇತ್ತು, ನೀವೇ ತಿವಿದು ಎಬ್ಬಿಸಿದ್ರಿ.”

ಮೂರನೆಯ ಭಾನುವಾರ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲುಗಳ ಮೇಲೆಲ್ಲ ಜನ. ಮಾಲೀಕ ಅತ್ತಿಂದಿತ್ತ ಓಡಾಡುತ್ತ, ಯಾರು ಕಂಡರೂ ಕೈ ಕುಲುಕುತ್ತಿದ್ದ. ಬ್ಯಾಂಕಿನವನು ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದ. ಅವನ ‘ಬಂಗಲೆ’ಯ ಹಾಳೆಗಳ ನಡುವಿನಿಂದ ಗುರುತಿನ ಚೀಟಿಗಳು ಹುಲ್ಲು ಬೆಳೆದಂತೆ ಇಣುಕುತ್ತಿದ್ದವು. ಭಾವನ ಮಾತು ಶುರುವಾಗುವುದನ್ನೇ ಅವನು ಕಾಯುತ್ತಿದ್ದ.

ಹೊಸ ಸಿನಿಮಾ ಶುರುವಾಯಿತು. “ಏನೂ ಕಾಣೋದಿಲ್ಲ ಅಳಿಯಂದ್ರೇ, ಬರೀ ಕತ್ತಲು. ಇವರ ಮನೇಲೂ ಕರೆಂಟಿಲ್ಲ ಅಂತ ಕಾಣುತ್ತೆ” ಎಂದು ಅತ್ತೆ ಆಗಾಗ ವರದಿ ಕೊಡುತ್ತಿದ್ದರು. ಕಥೆ ಕೊನೆಯ ಘಟ್ಟಕ್ಕೆ ಬಂತು. ಊಟದ ಗಂಟೆ ಬಾರಿಸಿತು. ಯಜಮಾನಿ ಮೆಟ್ಟಿಲಿಳಿಯತೊಡಗಿದಳು. ಡಾಕ್ಟರು ಪಂಜು ಹಿಡಿದು ನಿಂತ.

ಅಷ್ಟರಲ್ಲಿ ಟಕ್ ಎಂದಿತು. ಪರದೆ ಆರಿತು, ಸದ್ದು ನಿಂತಿತು, ಬಾಗಿಲ ಮೇಲಿನ ಕೆಂಪು ದೀಪವೂ ಹೋಯಿತು. ಕರೆಂಟು ಹೋಗಿತ್ತು.

ಬೆಳಕಿದ್ದಾಗ ಕಣ್ಣು ಮುಚ್ಚಿಕೊಳ್ಳುವ ಕತ್ತಲು ಬೇರೆ, ಕಣ್ಣು ಬಿಟ್ಟರೂ ಹೋಗದ ಕತ್ತಲು ಬೇರೆ. ಏನಾಯಿತೆಂದು ಒಂದು ರೆಪ್ಪೆ ಎತ್ತಿ ನೋಡಿದ ಕರೆಂಟಪ್ಪ, ಆ ಎರಡನೆಯ ಬಗೆಯದ್ದನ್ನು ಕಂಡು ಕಿಟಾರನೆ ಕಿರುಚಿದ. ಆ ಕಿರುಚಿಗೆ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಜನರ ತಲೆಗಳ ಮೇಲೆ ರೆಕ್ಕೆ ಬಡಿದವು. “ಏನೋ ಮುಟ್ತು!” ಎಂದು ಒಬ್ಬಳು ಚೀರಿದಳು. “ನನ್ನನ್ನೂ ಮುಟ್ತು!” ಎಂದ ಇನ್ನೊಬ್ಬ. ಕುರ್ಚಿಗಳು ದಡದಡ ಮಗುಚಿದವು. ಜನ ಬಾಗಿಲಿನತ್ತ ನೂಕತೊಡಗಿದರು. ಮೆಟ್ಟಿಲುಗಳ ಮೇಲೆ ಮಕ್ಕಳು ಮರಿಗಳು ಕೂತಿದ್ದವು. ಒಂದು ಹೆಜ್ಜೆ ತಪ್ಪಿದರೆ ತಮಾಷೆಯ ಮಾತಾಗಿ ಉಳಿಯುತ್ತಿರಲಿಲ್ಲ. ನಾಲ್ಕೂ ಕಡೆಯಿಂದ ಒಂದೇ ಕೂಗು. “ಕರೆಂಟ್! ಕರೆಂಟ್!”

ಆ ಕೂಗು ಕಿವಿಗೆ ಬಿದ್ದದ್ದೇ, ಕರೆಂಟಪ್ಪನ ನಾಲಿಗೆ ಅವನ ಅಪ್ಪಣೆಗೂ ಕಾಯದೆ ಕೆಲಸಕ್ಕೆ ಹಾಜರಾಯಿತು.

“ಹಲೋ, ದೂರು ವಿಭಾಗ. ಎಲ್ಲಿಂದ ಮಾತಾಡ್ತಿದೀರಿ?”

ಅವನ ದನಿ ಕಂಚಿನಂತೆ ಟಾಕೀಸನ್ನೆಲ್ಲ ತುಂಬಿತು. ನೂಕುತ್ತಿದ್ದವರು ಒಂದು ಗಳಿಗೆ ನಿಂತರು. ಯಾರೋ ಕಿಸಕ್ಕನೆ ನಕ್ಕರು.

“ಕರೆಂಟಪ್ಪ ಕಣ್ರೋ!”

“ಹೂಂ, ನಾನೇ. ಎಲ್ಲರೂ ಇದ್ದಲ್ಲೇ ಕೂತ್ಕೊಳಿ. ಕುರ್ಚಿ ಸಿಗದಿದ್ರೆ ನೆಲದ ಮೇಲೆ ಕೂತ್ಕೊಳಿ. ಮುಟ್ಟಿದ್ದು ಪಾರಿವಾಳ. ಲೈನ್‌ಮನ್ ಹೊರಟಾಯ್ತು, ಈಗ ಬರುತ್ತಪ್ಪ, ಈಗ ಬರುತ್ತಪ್ಪ.”

ಊರಿಗೆ ಊರೇ ಆ ಮಾತನ್ನು ಕೇಳಿ ಕೇಳಿ ಪಳಗಿತ್ತು. ಅದನ್ನು ಕೇಳಿದ ಮೇಲೆ ಸುಮ್ಮನೆ ಕೂರುವುದೊಂದೇ ಅವರಿಗೆ ಗೊತ್ತಿದ್ದದ್ದು. ಎಲ್ಲರೂ ಕೂತರು.

“ಅಲ್ಲೀತನಕ ಏನ್ಮಾಡೋಣ?” ಎಂದಿತು ಕತ್ತಲಿನಿಂದ ಒಂದು ಗಂಡುದನಿ.

“ಕಥೆ ಮುಗಿಸಿ! ಆ ಕಳೆದುಹೋದ ಅಧ್ಯಾಯ ಹೇಳಿ!”

ಕರೆಂಟಪ್ಪ ಎಡಗೈಯಿಂದ ತಡಕಿ ಅತ್ತೆಯ ಶಾಲಿನ ಅಂಚು ಹಿಡಿದ. ಬಲಗೈಯನ್ನು ಆಗಲೇ ಯಾರೋ ಉಡದ ಹಾಗೆ ಹಿಡಿದಿದ್ದರು. ಕಣ್ಣು ಮತ್ತೆ ಗಟ್ಟಿಯಾಗಿ ಮುಚ್ಚಿದ. “ಅತ್ತೆ, ಆ ಕನಸು” ಎಂದು ಪಿಸುಗುಟ್ಟಿದ.

“ಅಡುಗೆಯವಳು ಓಡಲಿಲ್ಲ” ಎಂದರು ಅತ್ತೆ ಮೆಲ್ಲಗೆ.

“ಅಡುಗೆಯವಳು ಓಡಲಿಲ್ಲ!” ಎಂದ ಕರೆಂಟಪ್ಪ ಗಟ್ಟಿಯಾಗಿ. “ಮನೆಯವರೆಲ್ಲ ಓಡಿದ್ರು. ಡಾಕ್ಟರು ಪಂಜು ಹಿಡ್ಕೊಂಡು ಗಡಗಡ ನಡುಗ್ತಿದ್ರು. ಅಡುಗೆಯವಳು ಸೀದಾ ಹೋಗಿ ಒಂದು ಕುರ್ಚಿ ಎಳೆದು ಹಾಕಿದ್ಲು. ‘ಕೂತ್ಕೊಳಿ ಅಮ್ಮಾ, ಎಷ್ಟು ದಿನ ಅಂತ ನಿಂತಿರ್ತೀರಿ’ ಅಂದ್ಲು. ತಟ್ಟೆ ಇಟ್ಲು. ಬಡಿಸಿದ್ಲು. ಯಜಮಾನಿ ತಟ್ಟೆ ನೋಡಿದ್ಲು, ಅವಳ ಮುಖ ನೋಡಿದ್ಲು. ಒಂದು ತುತ್ತು ಬಾಯಿಗಿಟ್ಲು.”

ಅತ್ತೆ ಕಿವಿಯಲ್ಲಿ ಮತ್ತೊಂದು ಮಾತು ಪಿಸುಗುಟ್ಟಿದರು.

“‘ಉಪ್ಪು ಕಡಿಮೆ’ ಅಂದ್ಲು.”

ಕತ್ತಲೆಲ್ಲ ಒಮ್ಮೆಲೇ ನಕ್ಕಿತು.

“ಅಡುಗೆಯವಳು ಕಣ್ಣಲ್ಲಿ ನೀರು ತಂದ್ಕೊಂಡು ಹೇಳಿದ್ಲು. ‘ಈ ಮನೇಲಿ ಇಷ್ಟು ವರ್ಷ ಬೇಯಿಸಿ ಹಾಕ್ದೆ. ಚೆನ್ನಾಗಿದೆ ಅಂತಾಗ್ಲಿ, ಚೆನ್ನಾಗಿಲ್ಲ ಅಂತಾಗ್ಲಿ ಒಬ್ರೂ ಹೇಳ್ಲಿಲ್ಲ. ನೀವೊಬ್ರೇ ಹೇಳಿದ್ದು.’ ಉಪ್ಪು ತಂದು ಹಾಕಿದ್ಲು. ಯಜಮಾನಿ ಹೊಟ್ಟೆತುಂಬ ಉಂಡ್ಲು. ಕೈ ತೊಳ್ಕೊಂಡ್ಲು. ‘ನಿದ್ದೆ ಬರ್ತಿದೆ’ ಅಂತ ಮೆಟ್ಟಿಲು ಹತ್ತಿ ಹೋದೋಳು ಇನ್ಯಾವತ್ತೂ ಇಳಿದು ಬರಲಿಲ್ಲ.”

“ಮದುವೆ?” ಎಂದು ಯಾರೋ ಕೇಳಿದರು.

“ಆದ್ರು. ಡಾಕ್ಟರು ಪಂಜು ಬಿಸಾಕಿ ಅವತ್ತೇ ಕೇಳಿದ್ರು. ‘ನಿಮ್ಮನ್ನ ಬಿಟ್ರೆ ಈ ಮನೇಲಿ ಡಾಕ್ಟರು ಯಾರೂ ಇಲ್ಲ’ ಅಂದ್ರು. ಅವಳು ‘ಮೊದ್ಲು ಪಾತ್ರೆ ತೊಳೆಯೋಕೆ ಬನ್ನಿ, ಆಮೇಲೆ ನೋಡೋಣ’ ಅಂದ್ಲು. ಅಷ್ಟೇ ಕಥೆ. ಯಾರೂ ಹೆದರ್ಕೋಬೇಡಿ, ಈಗ ಬರುತ್ತಪ್ಪ, ಈಗ…”

“ರೀ” ಎಂದಳು ಹೆಂಡತಿ, ತೀರ ಹತ್ತಿರದಿಂದ. “ಕಣ್ಣು ಬಿಡಿ. ಬಂದು ಆಗ್ಲೇ ಎಷ್ಟೊತ್ತಾಯ್ತು.”

ಕರೆಂಟಪ್ಪ ಕಣ್ಣು ಬಿಟ್ಟ. ಟಾಕೀಸಿನ ದೀಪಗಳೆಲ್ಲ ಝಗಝಗ ಉರಿಯುತ್ತಿದ್ದವು. ಹೊಸ ಕೋಟು ತೊಟ್ಟು, ಅತ್ತೆಯ ಶಾಲಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಮಗುವಿನ ಹಾಗೆ ಕಣ್ಣು ಮುಚ್ಚಿ ನಿಂತಿದ್ದ ಅವನನ್ನು ಇಡೀ ಊರು ನೋಡುತ್ತಿತ್ತು. ಅವನ ಬಲಗೈಯನ್ನು ಎರಡೂ ಕೈಗಳಿಂದ ಅಪ್ಪಿ ಹಿಡಿದಿದ್ದವರು ಸಾಹೇಬರು. ಅವರ ಕಣ್ಣುಗಳು ಇನ್ನೂ ತೆರೆದಿರಲಿಲ್ಲ. “ಸಾಹೇಬ್ರೇ, ಬಂತು” ಎಂದ ಮೇಲೆ ಒಂದೊಂದಾಗಿ ತೆರೆದವು. ಆಚೆ ಪ್ರೊಫೆಸರರು ಮಫ್ಲರಿನೊಳಗೆ ಪೂರ್ತಿಯಾಗಿ ಅಡಗಿದ್ದರು. ಬಾಗಿಲ ಪಕ್ಕದ ಕುರ್ಚಿ ಖಾಲಿಯಿತ್ತು. ಮೊದಲ ಕಿರುಚಿಗೇ ಬೀದಿಗೆ ಜಿಗಿದಿದ್ದ ಬ್ಯಾಂಕಿನವನ ‘ಬಂಗಲೆ’ ಕುರ್ಚಿಯಡಿ ಬೋರಲು ಬಿದ್ದಿತ್ತು, ಚೀಟಿಗಳೆಲ್ಲ ಉದುರಿ.

ಪ್ರೊಫೆಸರರು ಮಫ್ಲರು ಸರಿಸಿ ಕೇಳಿದರು. “ಆ ಮೊದಲ ಮುದ್ರಣ…”

ಕರೆಂಟಪ್ಪ ತಲೆ ತಗ್ಗಿಸಿದ. ಅತ್ತೆಯೇ ಹೇಳಿದರು. “ಮುದ್ರಣ ಯಾವುದೂ ಇಲ್ಲ ಸ್ವಾಮಿ. ಹೋದ ಭಾನುವಾರ ನಿದ್ದೆ ಬಂದುಬಿಡ್ತು, ನಂಗೆ ಬಿದ್ದ ಕನಸು ಅದು. ನಮ್ಮ ಅಳಿಯ ಒಂದು ಸಿನಿಮಾನೂ ನೋಡಿಲ್ಲ, ಪಾಪ, ಕಣ್ಣು ಮುಚ್ಕೊಂಡೇ ಕೂತಿದ್ರು.”

ಎಲ್ಲರೂ ಪ್ರೊಫೆಸರರ ಬಾಯನ್ನೇ ನೋಡಿದರು. ಅವರು ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು. “ಮೂವತ್ತು ವರ್ಷ ಈ ‘ಬಂಗಲೆ’ ಮೇಲೆ ಪಾಠ ಮಾಡಿದೀನಿ ತಾಯಿ” ಎಂದರು ಸಣ್ಣಗೆ. “ನಾನೂ ಒಂದು ಸಿನಿಮಾನೂ ಕಣ್ಣುಬಿಟ್ಟು ನೋಡಿಲ್ಲ.” ಆಮೇಲೆ ಅತ್ತೆಯ ಕಡೆ ಸ್ವಲ್ಪ ಬಾಗಿ, “ಮದುವೆ ಆದಮೇಲೆ ಅವರಿಬ್ರೂ ಆ ಬಂಗಲೇಲೇ ಇದ್ರಾ?” ಎಂದು ಕೇಳಿದರು.

ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಕರೆಂಟಪ್ಪ ಕೋಟಿನ ಗುಂಡಿಗಳನ್ನು ಹಾಕುವುದು, ಬಿಚ್ಚುವುದು ಮಾಡುತ್ತ ನಡೆದ. ಬೀದಿಯ ತಿರುವಿನಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಲೈಟುಕಂಬ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಕೋಪ ಬಂತಾ?” ಎಂದ ಅವನು ಹೆದರುತ್ತ.

“ಬಂದಿತ್ತು. ಅಟ್ಟದ ಧೂಳೆಲ್ಲ ನುಂಗಿದೀನಿ, ಬರ್ದೇ ಇರುತ್ತಾ? ಆದ್ರೆ ನೀವು ಅಷ್ಟು ಹೆದರ್ಕೊಂಡೇ ಅಷ್ಟು ಜನಾನ ಕೂರಿಸಿಬಿಟ್ರಲ್ರೀ! ಧೈರ್ಯ ಏನಾದ್ರೂ ಇದ್ದಿದ್ರೆ ನಿಮ್ಮನ್ನ ಹಿಡಿಯೋರೇ ಇರ್ತಿರ್ಲಿಲ್ಲ” ಎಂದು ಅವನ ಕೋಟಿನ ಕಾಲರು ಸರಿಮಾಡಿದಳು.

ಅರ್ಧಕ್ಕೆ ನಿಂತಿದ್ದ ಸಿನಿಮಾವನ್ನು ಮಾಲೀಕ ಮುಂದಿನ ಭಾನುವಾರ ಪೂರ್ತಿಯಾಗಿ ತೋರಿಸಿದ. ಕೊನೆಯಲ್ಲಿ ಡಾಕ್ಟರು ಬಂಗಲೆಗೆ ಬೆಂಕಿ ಹಚ್ಚಿ, ಯಜಮಾನಿಯನ್ನು ಸುಟ್ಟು, ಕುದುರೆಗಾಡಿ ಹತ್ತಿ ಹೊರಟುಹೋದ. ಜನ ಸೀಟಿನ ಮೇಲೆ ಎದ್ದು ನಿಂತು ಗಲಾಟೆ ಮಾಡಿದರು. ಅಡುಗೆಯವಳು ಎಲ್ಲಿ ಎಂದು ಕೇಳಿದರು. ಅವಳಿಗೆ ಮೋಸವಾಯಿತು ಎಂದು ಇಬ್ಬರು ಹೆಂಗಸರು ಅತ್ತೇಬಿಟ್ಟರು.

ಸೋಮವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುತ್ತಿದ್ದ ಹಾಗೆಯೇ ಟಾಕೀಸಿನ ಮಾಲೀಕ ದೂರು ವಿಭಾಗದ ಮುಂದೆ ಬಂದು ನಿಂತ. ಕೂದಲು ಕೆದರಿತ್ತು, ರಾತ್ರಿಯಿಡೀ ನಿದ್ದೆಯಿಲ್ಲದ ಮುಖ.

“ಏನು ತಮ್ಮ ದೂರು?” ಎಂದ ಕರೆಂಟಪ್ಪ.

“ನಿನ್ನೆ ನಮ್ಮ ಟಾಕೀಸಲ್ಲಿ ಕರೆಂಟ್ ಹೋಗ್ಲಿಲ್ಲ ಸ್ವಾಮಿ.”

ಕರೆಂಟಪ್ಪ ರೂಢಿಯಂತೆ ಬರೆದುಕೊಂಡು, ಬರೆದದ್ದನ್ನು ಓದಿ ಪೆನ್ನು ಕೆಳಗಿಟ್ಟ.

“ಈ ಭಾನುವಾರ ಮತ್ತೆ ಅದೇ ಆಟ ಇಟ್ಟಿದೀನಿ” ಎಂದ ಮಾಲೀಕ, ಕಿಟಕಿಯ ಕಂಬಿ ಹಿಡಿದು ಗೋಗರೆಯುತ್ತ. “ಹೇಗಾದ್ರೂ ಮಾಡಿ ಕೊನೇಲಿ ಸ್ವಲ್ಪ ಹೊತ್ತು ಕರೆಂಟ್ ತೆಗೆಸಿಕೊಡ್ಬೇಕು.”

“ಎಷ್ಟು ಹೊತ್ತು?”

“ನಿಮ್ಮತ್ತೆಯವರು ಕಥೆ ಮುಗಿಸೋತನಕ.”